ನವಮಿಯ ದಿನ ಆರಿಸಿದ ನೆಲ

ಕಾಂದಳವಾಡಿ
22 ನವೆಂಬರ್ 2025

ತೀರ್ಥರೂಪ ಅಪ್ಪನವರಿಗೆ ಯೋಗಿತಾಳ ನಮಸ್ಕಾರಗಳು.

ಇವತ್ತು ಬೆಳಗ್ಗೆ ಅತ್ಯಾಳ ಚಪ್ಪಲಿಗೆ ಹಸಿ ಕೆಸರು ಮೆತ್ತಿತ್ತು. ಮಳೆ ಬಂದಿಲ್ಲ. ಅಂಗಳ ಒಣಗಿದೆ, ಬಾವಿಯ ಸುತ್ತ ಕಲ್ಲು ಹಾಸಿದೆ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ, "ಎಲ್ಲಿಗಿ ಹೋಗ್ಲಿ, ಇಲ್ಲೇ ಇದ್ದೀನಲ್ಲ," ಎಂದು ಚಪ್ಪಲಿಯನ್ನು ಬಾಗಿಲ ಹಿಂದಕ್ಕೆ ಸರಿಸಿದಳು. ಬಂದ ಮೊದಲ ದಿನವೇ ಫೌಜದಾರನ ಹಾಗೆ ವಿಚಾರಣೆ ಬೇಡವೆಂದು ಮುಖ ತೊಳೆಯಲು ಬಾವಿಗೆ ಹೋದೆ.

ನಿನ್ನೆ ಸಂಜೆ ತಲುಪಿದೆ. ಉಮರ್ಗಾದಿಂದ ಸೊಲ್ಲಾಪುರ, ಅಲ್ಲಿಂದ ಕೊಲ್ಹಾಪುರ, ಅಲ್ಲಿಂದ ಘಾಟ್ ಇಳಿಯುವ ಇನ್ನೊಂದು ಬಸ್ಸು, ಆಮೇಲೆ ಹತ್ತು ಜನರನ್ನು ತುಂಬಿದ ಆಟೋ, ಕೊನೆಗೆ ದೋಣಿ. ನೀವು ಕಟ್ಟಿಕೊಟ್ಟ ಹದಿನೈದು ಕಿಲೋ ಜೋಳದ ಹಿಟ್ಟು ಈ ಐದರಲ್ಲೂ ನನ್ನ ತೊಡೆಯ ಮೇಲೆಯೇ ಕುಳಿತು ಬಂತು. ದೋಣಿಯಲ್ಲಿ ಅದರ ಒಂದು ಮೂಲೆ ನೆನೆಯಿತು. ಅತ್ಯಾ ನನ್ನ ಮುಖ ನೋಡುವ ಮೊದಲು ಚೀಲದ ಮೂಲೆ ನೋಡಿದಳು. "ಎಂ.ಎ. ಮಾಡೀದಿ, ಒಂದು ಚೀಲಾ ಎತ್ತಿ ಹಿಡಿಯಾಕ ಬರಲ್ಲೇನು," ಎಂದಳು.

ಫೋನ್ ಮಾಡದೆ ಪತ್ರ ಯಾಕೆ ಎಂದು ನೀವು ಕೇಳುತ್ತೀರಿ. ಇಲ್ಲಿ ರೇಂಜ್ ಸಿಗುವುದು ದೋಣಿಕಟ್ಟೆಯ ಮೇಲೆ ಮಾತ್ರ. ನಿನ್ನೆ ಅಲ್ಲಿಂದ ಮಾಡಿದ್ದೆ. ನಂದಕುಮಾರ ಅಣ್ಣ ಎಂದಿನಂತೆ ಸ್ಪೀಕರ್ ಹಾಕಿದ. ನಾನು ತಲುಪಿದೆ ಎನ್ನುವಷ್ಟರಲ್ಲಿ ಅವ್ವ ಊಟ ಕೇಳಿದಳು, ಸಾರಿಕಾ ವೈನಿ ಮೀನಿನ ವಾಸನೆ ಕೇಳಿದಳು, ಯಾರೋ ನೆರೆಮನೆಯವರು ಸಮುದ್ರದ ಫೋಟೋ ಕೇಳಿದರು. ನೀವು ಪಕ್ಕದಲ್ಲೇ ಕೆಮ್ಮುತ್ತಿದ್ದಿರಿ. ಅತ್ಯಾಳ ವಿಷಯವನ್ನು ಹಾಗೆ ಬಜಾರಿನಲ್ಲಿ ನಿಂತು ಹೇಳುವುದು ನನ್ನಿಂದ ಆಗುವುದಿಲ್ಲ.

ಇಲ್ಲಿ ಸಮುದ್ರ ಕಾಣುವುದೇ ಇಲ್ಲ, ವೈನಿಗೆ ಹೇಳಿರಿ. ಖಾಡಿ ಇದೆ. ಸಮುದ್ರದ ನೀರು ನದಿಯ ಬಾಯಿಯಿಂದ ಒಳಗೆ ಬಂದು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿದಾಗ ಉಳಿಯುವುದು ಕಪ್ಪು ಕೆಸರು ಮತ್ತು ಸಾವಿರಾರು ಸಣ್ಣ ಏಡಿಗಳು. ಊರೆಂದರೆ ಮೂವತ್ತು ಮನೆ, ಅತ್ಯಾಳ ಯಜಮಾನರು, ನಮ್ಮ ಮಾಮಾ, ಇಪ್ಪತ್ತೆಂಟು ವರ್ಷ ಮಾಸ್ತರರಾಗಿದ್ದ ಶಾಲೆ, ಒಂದು ಕಿರಾಣಿ ಅಂಗಡಿ.

ಮಾಮಾ ತೀರಿಕೊಂಡು ಏಳು ವರ್ಷವಾಯಿತು, ಮಕ್ಕಳಿಲ್ಲ, ನನ್ನ ಅಕ್ಕ ಪರ ಊರಿನಲ್ಲಿ ಒಬ್ಬಳೇ ಯಾಕಿರಬೇಕು, ಎಂಟು ದಿನದಲ್ಲಿ ಕರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದಿರಿ. ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ. ಅತ್ಯಾ ರೊಟ್ಟಿ ತಟ್ಟುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಉಪ್ಪು ಕಮ್ಮಿ ಆಗ್ಯಾದೇನು?" ಎಂದಳು. ಅಷ್ಟೇ.

ನಿಮ್ಮ ಮಗಳು
ಯೋಗಿತಾ


ದಾಳಿಂಬ
27 ನವೆಂಬರ್ 2025

ಚಿ. ಯೋಗಿತಾಳಿಗೆ ಮರುಳಯ್ಯನ ಆಶೀರ್ವಾದಗಳು.

ಪತ್ರ ಬಂತು. ಚಪ್ಪಲಿ, ಚೀಲ, ಏಡಿ ಎಲ್ಲ ಬರೆದಿದ್ದೀ, ಹೊರಡುವ ತಾರೀಖು ಬರೆದಿಲ್ಲ. ನಿನ್ನನ್ನು ಕಳಿಸಿದ್ದು ವರ್ಣನೆ ಬರೆಯಲಿಕ್ಕಲ್ಲ.

ನಾಳೆ ಅಷ್ಟಮಿ. ಡಿಸೆಂಬರ್ 4ಕ್ಕೆ ಹುಣ್ಣಿಮೆ. ಹುಣ್ಣಿಮೆಗೆ ಮೊದಲೇ ಇಬ್ಬರೂ ಹೊರಡಬೇಕು. ಏನು, ಯಾಕೆ ಎಂದು ಕೇಳಬೇಡ, ಪಂಚಾಂಗ ನೋಡಿಯೇ ಹೇಳುತ್ತಿದ್ದೇನೆ. ಸಾಮಾನು ಬಹಳ ಬೇಡ. ಪಾತ್ರೆಗಳನ್ನು ಅಲ್ಲಿಯೇ ಯಾರಿಗಾದರೂ ಕೊಡಲಿ. ನಮ್ಮ ಮನೆಯಲ್ಲಿ ಪಾತ್ರೆಗೆ ಕೊರತೆಯಿಲ್ಲ.

ಡಿಸೆಂಬರ್ 19ರ ಅಮಾವಾಸ್ಯೆಗೆ ಎಳ್ಳಮಾಸಿ. ಅಕ್ಕ ನಮ್ಮ ಹೊಲದಲ್ಲಿ ಎಳ್ಳಮಾಸಿ ಉಣ್ಣದೆ ಎಷ್ಟು ವರ್ಷವಾಯಿತು ಎಂದು ಅವಳನ್ನೇ ಕೇಳು. ಹೊಲದಲ್ಲಿ ಜೋಳದ ಕಣಕಿಯ ಕೊಂಪೆ ಕಟ್ಟಿಸಿ, ಅಂಬಲಿಗೆ ಹೊಸ ಮಡಕೆ ತರಿಸುತ್ತೇನೆ. ಬೆಳೆಯ ಮೇಲೆ ಎಡೆಯ ಚರಗ ಚೆಲ್ಲುವಾಗ ಅವಳು ನನ್ನ ಜೊತೆಗಿರಬೇಕು ಎಂದು ಹೇಳು. ನಂದಕುಮಾರನ ಲಗ್ನಕ್ಕೆ ಬಂದವಳು ಅಕ್ಷತೆ ಬೀಳುತ್ತಲೇ ಊಟವನ್ನೂ ಮಾಡದೆ ಬಸ್ಸು ಹತ್ತಿದಳು. ನಿನ್ನ ಅವ್ವ ಅದನ್ನು ಇನ್ನೂ ಮರೆತಿಲ್ಲ. ಆ ಮಾತು ಎತ್ತಬೇಡ, ಆದರೆ ನೆನಪಿನಲ್ಲಿಟ್ಟುಕೋ.

ನಾನೇ ಬರುತ್ತಿದ್ದೆ. ಮಂಡಿನೋವಿಗೆ ಅಷ್ಟು ದೂರದ ಬಸ್ಸು ಆಗುವುದಿಲ್ಲ. ಮೇಲಾಗಿ ಈ ಕಡೆ ಗುಂಜೋಟಿ, ಸಾಸ್ತೂರದಿಂದ ದಿನಾ ಒಬ್ಬರಾದರೂ ಸತ್ತವರ ಕ್ರಿಯೆಗೆ ನನ್ನನ್ನು ಕರೆಯಲು ಬರುತ್ತಾರೆ. ಅಯ್ಯನವರು ಇಲ್ಲವೆಂದರೆ ಮಣ್ಣು ಕೊಡಲು ಕಾದು ಕುಳಿತುಕೊಳ್ಳುತ್ತಾರೆ.

ಮಾಮಾನ ಸಮಾಧಿಯ ಗದ್ದುಗೆ ಹೇಗಿದೆ? ಕಲ್ಲು ಕುಸಿದಿದೆಯೋ ಸರಿಯಾಗಿದೆಯೋ? ಎರಡು ಸಾಲು ಬರೆ. ಹಾಳೆಯಲ್ಲಿ ಜಾಗ ಮುಗಿಯಿತು.

ಮರುಳಯ್ಯ


ಕಾಂದಳವಾಡಿ
1 ಡಿಸೆಂಬರ್ 2025

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಇಂದು ಮಧ್ಯಾಹ್ನ ಬಂತು. ಅದಕ್ಕೆ ಮೊದಲೇ ನನ್ನ ತಾಳ್ಮೆ ಮುಗಿದಿತ್ತು.

ಹೊರಡುವ ಮಾತು ಎತ್ತಿದ ಪ್ರತಿ ದಿನ ಅತ್ಯಾಳಿಗೆ ಒಂದೊಂದು ನೆಪ ಸಿಗುತ್ತದೆ. ಸೋಮವಾರ ಲಿಂಗಪೂಜೆ ತಡವಾಯಿತು. ಮಂಗಳವಾರ ದೋಣಿ ನಡೆಸುವ ಮನೋಜ ಮಾಮಾ ಪೇಟೆಗೆ ಹೋಗಿದ್ದಾನೆ. ಬುಧವಾರ ಬೆಕ್ಕು ಮರಿ ಹಾಕಿತು. ಅದು ಅವಳ ಬೆಕ್ಕೂ ಅಲ್ಲ, ಪಕ್ಕದ ಮನೆಯ ಚಂದ್ರಭಾಗಾ ಮೌಶಿಯದು. ನಿನ್ನೆ ನಾನೇ ಟ್ರಂಕು ಇಳಿಸಿ ಅವಳ ಸೀರೆಗಳನ್ನು ಜೋಡಿಸಿಟ್ಟೆ. ಸಂಜೆ ನೋಡಿದರೆ ಸೀರೆಗಳೆಲ್ಲ ಮೊದಲಿನಂತೆ ಗೂಟಕ್ಕೆ ಮರಳಿದ್ದವು. ಟ್ರಂಕಿನಲ್ಲಿ ಭತ್ತದ ಹುಲ್ಲು ತುಂಬಿತ್ತು. ದನ ಸಾಕದವಳಿಗೆ ಹುಲ್ಲು ಯಾಕೆ? ಕೇಳಿದರೆ, "ಇರ್ಲಿ ಬಿಡು, ಹುಲ್ಲಿಗಿ ಏನು ಅನ್ನ ಹಾಕ್ಬೇಕಾ," ಎಂದಳು.

ನೀವು ಹುಣ್ಣಿಮೆಗೆ ಮೊದಲು ಹೊರಡಿ ಎನ್ನುತ್ತೀರಿ. ಅತ್ಯಾ ಹುಣ್ಣಿಮೆ ಮುಗಿಯುವವರೆಗೆ ಹೊಸ್ತಿಲು ದಾಟುವುದಿಲ್ಲ ಎನ್ನುತ್ತಾಳೆ. "ನಿಮ್ಮಪ್ಪ ಪಂಚಾಂಗ ನೋಡಿ ಉಸರಾಡ್ತಾನ, ನಂಗೂ ನೋಡಾಕ ಬರ್ತದ," ಎಂದಳು. ನೀವಿಬ್ಬರೂ ಒಂದೇ ತಾಯಿಯ ಮಕ್ಕಳು ಎನ್ನುವುದರಲ್ಲಿ ನನಗೆ ಸಂಶಯ ಉಳಿದಿಲ್ಲ. ನಡುವೆ ನಾನು ಎಂ.ಎ. ಮುಗಿಸಿ ಮನೆಯಲ್ಲಿ ಖಾಲಿ ಕುಳಿತದ್ದೇ ತಪ್ಪಾಯಿತು.

ಎಳ್ಳಮಾಸಿಯ ಮಾತು ಹೇಳಿದಾಗ ಮಾತ್ರ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. ಭಜ್ಜಿಗೆ ಹಸಿ ತೊಗರಿ ಈ ವರ್ಷ ಸಿಕ್ಕೀತೋ ಇಲ್ಲವೋ ಎಂದು ಕೇಳಿದಳು. ಅಂಬಲಿಯನ್ನು ನಾನು ಹುಳಿ ಬರಿಸುವುದು ಹೇಗೆ ಎಂದು ಕೇಳಿ, ಉತ್ತರ ತಪ್ಪೆಂದು ಬೈದಳು. ಇನ್ನೇನು ಬರುತ್ತೇನೆ ಎನ್ನುತ್ತಾಳೆ ಎಂದುಕೊಂಡೆ. ಆದರೆ ಅವಳು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ 19ರ ಮೇಲೆ ಬೆರಳಿಟ್ಟು, "ಅವತ್ತೂ ಆಗಲ್ಲ," ಎಂದಳು.

ನಿಮ್ಮ ಮೇಲೂ ಸಿಟ್ಟಿದೆ ಅವಳಿಗೆ. "ಭಾವಬೀಜಕ್ಕ ತಮ್ಮ ಅಕ್ಕನ ಮನಿಗಿ ಬರ್ಬೇಕು. ಇಂವಾ ಪಾರ್ಸಲ್ ಕಳಸ್ತಾನ. ನಾ ಏನು ಕಚೇರಿನಾ, ಸಹಿ ಮಾಡಿ ಸೀರಿ ತಗೊಳ್ಳಾಕ?" ಎಂದಳು. ಆ ಪಾರ್ಸಲಿನ ಸೀರೆಗಳನ್ನೆಲ್ಲ ಮಡಿಕೆ ಬಿಚ್ಚದೆ ಇಟ್ಟಿದ್ದಾಳೆ.

ಗದ್ದುಗೆ ಕೇಳಿದಿರಿ. ಮನೆಯ ಹಿಂದೆ ಇಳಿಜಾರು, ಅದರ ಕೆಳಗೆ ಮಾಮಾ ಕೊಂಡಿದ್ದ ಎರಡು ಗುಂಟೆ ನೆಲ, ಅದರ ಆಚೆ ಖಾಡಿ. ಗದ್ದುಗೆಯ ಕಲ್ಲು ನೆಟ್ಟಗಿದೆ, ದಿನಾ ಪತ್ರಿ ಬೀಳುತ್ತದೆ. ಸುತ್ತಲೂ ಅತ್ಯಾ ಸೊಂಟದೆತ್ತರದ ಮಣ್ಣಿನ ಒಡ್ಡು ಕಟ್ಟಿಕೊಂಡಿದ್ದಾಳೆ. ಬೆಳಗಾದರೆ ಅದಕ್ಕೆ ಕೆಸರು ಮೆತ್ತುವುದು, ಸಂಜೆಯಾದರೆ ನೋಡಿ ಬರುವುದು. ಗುಲಾಬಿ ಹಾಕುತ್ತಾಳಂತೆ. ಉಪ್ಪು ಮಣ್ಣಿನಲ್ಲಿ ಗುಲಾಬಿ ಬರುತ್ತದೆಯೇ? ಮನೆ, ತೋಟ ಎಂದು ಇಲ್ಲಿಯ ಮೋಹ ಬಿಡುವುದಿಲ್ಲ ಎಂದು ನೀವು ಹೇಳಿದ್ದು ನಿಜವೆಂದು ನನಗೂ ಅನ್ನಿಸತೊಡಗಿದೆ. ನನ್ನ ಮಾತು ಅವಳ ಕಿವಿಗೆ ಬೀಳುವುದಿಲ್ಲ. ದಯವಿಟ್ಟು ನೀವೇ ಅವಳಿಗೆ ಗಟ್ಟಿಯಾಗಿ ಬರೆಯಿರಿ.

ಯೋಗಿತಾ


ಕಾಂದಳವಾಡಿ
6 ಡಿಸೆಂಬರ್ 2025

ಅಪ್ಪಾ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಆದ್ದರಿಂದ ಇದರಲ್ಲಿ ನಿಜ ಬರೆಯಬಹುದು.

ನಿನ್ನೆ, ಹುಣ್ಣಿಮೆಯ ಮರುದಿನ, ಮಧ್ಯಾಹ್ನ ಅತ್ಯಾ ಮನೆಯಲ್ಲಿರಲಿಲ್ಲ. ಹುಡುಕುತ್ತಾ ಇಳಿಜಾರಿಗೆ ಬಂದೆ. ಕೆಳಗೆ ಎರಡು ಗುಂಟೆ ನೆಲವಿರಲಿಲ್ಲ. ಖಾಡಿ ಬೇಲಿಯವರೆಗೆ ಬಂದಿತ್ತು. ನೀರಿನ ನಡುವೆ ಅತ್ಯಾಳ ಒಡ್ಡು ದುಂಡಗೆ, ಬಾವಿಯ ಕಟ್ಟೆಯ ಹಾಗೆ ಕಾಣುತ್ತಿತ್ತು. ಒಡ್ಡಿನ ಒಳಗೆ ಒಣ ನೆಲ, ಮಾಮಾನ ಗದ್ದುಗೆ. ಹೊರಗೆ ಮೊಳಕಾಲ ಮೇಲಿನವರೆಗೆ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ ಅತ್ಯಾ ನಿಂತಿದ್ದಳು. ಅಲ್ಲಾಡದೆ ನಿಂತಿದ್ದಳು. ನಾನು ಕೂಗಿದರೂ ತಿರುಗಲಿಲ್ಲ.

ಹತ್ತಿರ ಹೋದ ಮೇಲೆ ತಿಳಿಯಿತು. ಏಡಿಯೊಂದು ಒಡ್ಡಿನಲ್ಲಿ ಬಿಲ ತೋಡಿತ್ತು. ಹೆಬ್ಬೆರಳಿನಷ್ಟು ತೂತು. ಆ ತೂತಿನ ಮೇಲೆ ಹಿಮ್ಮಡಿ ಒತ್ತಿ ಅವಳು ನಿಂತಿದ್ದಳು. ಕಾಲು ತೆಗೆದರೆ ತೂತು ಕೈಯಷ್ಟಾಗುತ್ತದೆ, ಕೈಯಷ್ಟಾದರೆ ಒಡ್ಡು ನಿಲ್ಲುವುದಿಲ್ಲ. "ನಿಂತು ನೋಡ್ತಿ ಏನು, ಹುಲ್ಲು ತಾ," ಎಂದಳು. ಟ್ರಂಕಿನಲ್ಲಿದ್ದ ಹುಲ್ಲು ಯಾಕೆಂದು ಆಗ ತಿಳಿಯಿತು. ಕೆಸರಿನಲ್ಲಿ ಕಲೆಸಿ ಉಂಡೆ ಮಾಡಿ ನಾನು ಕೊಟ್ಟೆ, ಅವಳು ಹಿಮ್ಮಡಿಯ ಸುತ್ತ ತುರುಕಿದಳು. ನನ್ನ ಉಂಡೆಗಳು ನೀರಿನಲ್ಲಿ ಬಿಚ್ಚಿಹೋಗುತ್ತಿದ್ದವು. ಬೇಲಿಯ ಬದಿಯಿಂದ ಚಂದ್ರಭಾಗಾ ಮೌಶಿ ಮರಾಠಿಯಲ್ಲಿ ನನಗೆ ಕಲಿಸುತ್ತಿದ್ದಳು, ನಡುನಡುವೆ ನಗುತ್ತಿದ್ದಳು. ನೀರು ಇಳಿಯುವವರೆಗೆ ಒಂದೂವರೆ ತಾಸು ನಿಂತೆವು.

ತಿಂಗಳಿಗೆ ಎರಡು ಸಲ ಹೀಗೆ. ಹುಣ್ಣಿಮೆಗೆ, ಅಮಾವಾಸ್ಯೆಗೆ, ಹಿಂದು ಮುಂದಿನ ಎರಡೆರಡು ದಿನ ಖಾಡಿಯಲ್ಲಿ ದೊಡ್ಡ ಉಬ್ಬರ. ಇಲ್ಲಿಯವರು ಉಧಾಣ ಎನ್ನುತ್ತಾರೆ. ಅಷ್ಟಮಿ, ನವಮಿಯ ಸುಮಾರಿಗೆ ನೀರು ಏರುವುದೇ ಕಡಿಮೆ, ಆ ನೆಲದ ಹತ್ತಿರಕ್ಕೂ ಬರುವುದಿಲ್ಲ. ಹುಲ್ಲು ಒಣಗಿ ನಿಲ್ಲುತ್ತದೆ, ನಮ್ಮ ದಾಳಿಂಬದ ಹೊಲದಂತೆ ಕಾಣುತ್ತದೆ.

ಮಾಮಾ ತೀರಿದ್ದು ಕಾರ್ತೀಕ ಶುದ್ಧ ಅಷ್ಟಮಿ. ನೀವು ಬಂದು ಕ್ರಿಯೆ ಮಾಡಿಸಿದ್ದು ನವಮಿ. ಊರಿನವರು ಶಾಲೆಯ ಹಿಂದಿನ ಎತ್ತರದ ನೆಲ ಕೊಡುತ್ತೇವೆ ಎಂದಿದ್ದರಂತೆ. ನಮ್ಮವರನ್ನು ಮಣ್ಣಿನಲ್ಲಿ ಕೂಡಿಸುವುದು ಸ್ವಂತ ನೆಲದಲ್ಲಿ, ಇನ್ನೊಬ್ಬರ ಮಣ್ಣು ಬೇಡ ಎಂದಿರಿ. ಇಲ್ಲಿ ನೀರು ಬರುತ್ತದೆ ಎಂದು ದೋಣಿಯ ಮನೋಜ ಹೇಳಿದಾಗ, ನೆಲದ ಮಣ್ಣು ಹಿಡಿದು ನೋಡಿ, ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಇದು ಒಣ ನೆಲ ಎಂದಿರಂತೆ. ನಾಲ್ಕನೆಯ ದಿನ ನೀವು ಊರಿಗೆ ಹೋದಿರಿ. ಹುಣ್ಣಿಮೆಗೆ ನೀರು ಬಂತು.

ತಿಥಿ ಹಿಡಿದು ಬದುಕುವ ನಿಮಗೆ ನೀರೂ ತಿಥಿ ಹಿಡಿದು ಬರುತ್ತದೆ ಎಂದು ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೆ ಗೊತ್ತಿದೆ? ನಮ್ಮ ಕಡೆ ನೀರು ಕೆಳಗೆ ಹೋಗುವುದನ್ನಷ್ಟೇ ನೋಡಿದ್ದೇವೆ.

ಬೇರೆ ಕಡೆ ಕೂಡಿಸಬಹುದಿತ್ತಲ್ಲ ಎಂದೆ. "ಕೂಡ್ರಿಸಿದವರನ್ನ ಎಬ್ಬಸಂಗಿಲ್ಲ. ಅಯ್ಯನ ಮಗಳಾಗಿ ಇಷ್ಟೂ ಗೊತ್ತಿಲ್ಲೇನು?" ಎಂದಳು. ಹಾಗಾದರೆ ಅಪ್ಪನಿಗಾದರೂ ಹೇಳಬೇಕಿತ್ತು ಎಂದೆ. ಅದಕ್ಕೆ ಅವಳು ಬಹಳ ಹೊತ್ತು ಕಾಲಿನ ಕೆಸರು ತೊಳೆದಳು. ಆಮೇಲೆ ಹೇಳಿದಳು: "ಸುತ್ತ ನಲ್ವತ್ತು ಊರಾಗ ಅವನ ಕೈಲೆ ಮಣ್ಣು ಬಿದ್ರ ಸಾಕು ಅಂತಾರ. ಸ್ವಂತ ಭಾವನ್ನ ನೀರಾಗ ಕೂಡ್ರಸೀನಿ ಅಂತ ತಿಳದ್ರ ಅಂವಾ ನಾಳಿಂದ ಯಾರ ಮನಿ ಮೆಟ್ಲಾನೂ ಹತ್ತಲ್ಲ. ನಾ ಅವನ್ನ ಎತ್ತಿ ಆಡ್ಸೀನಿ, ನಂಗ ಗೊತ್ತದ."

ಅಣ್ಣನ ಲಗ್ನದ ಮರುದಿನ ಹುಣ್ಣಿಮೆಯಿತ್ತು, ಅಪ್ಪಾ. ಅದಕ್ಕೇ ಅವಳು ಊಟ ಬಿಟ್ಟು ಓಡಿದ್ದು. ನಾನು ಅವಳನ್ನು ಮನೆಯ ಮೋಹದವಳು ಎಂದು ನಿಮಗೆ ಬರೆದು ಐದು ದಿನವಾಯಿತು. ಆ ಪತ್ರ ಈಗ ಎಲ್ಲಿದೆಯೋ, ಕೈ ಚಾಚಿ ಹಿಂದೆ ತೆಗೆದುಕೊಳ್ಳುವಂತಿದ್ದರೆ.

ನಿಮಗೆ ಬರೆಯುವುದಿಲ್ಲವೆಂದು ಅವಳ ಲಿಂಗದ ಕರಡಿಗೆಯ ಮೇಲೆ ನನ್ನ ಕೈ ಇಡಿಸಿ ಆಣೆ ತೆಗೆದುಕೊಂಡಿದ್ದಾಳೆ. ಬರೆದಿದ್ದೇನೆ. ಕಳಿಸುವುದಿಲ್ಲ.


ಕಾಂದಳವಾಡಿ
6 ಡಿಸೆಂಬರ್ 2025

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಅತ್ಯಾಳಿಗೆ ಶೀತವಾಗಿದೆ, ಸ್ವಲ್ಪ ಜ್ವರವೂ ಇದೆ. ಈಗಲೇ ಹೊರಡಲು ಆಗುವುದಿಲ್ಲ. ಗದ್ದುಗೆ ಚೆನ್ನಾಗಿದೆ. ನನ್ನ ಹಿಂದಿನ ಪತ್ರವನ್ನು ಸಿಟ್ಟಿನಲ್ಲಿ ಬರೆದಿದ್ದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ.

ಯೋಗಿತಾ


ದಾಳಿಂಬ
10 ಡಿಸೆಂಬರ್ 2025

ಚಿ. ಯೋಗಿತಾಳಿಗೆ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳು ಬಂದವು. ಮೊದಲನೆಯದರಲ್ಲಿ ಅಕ್ಕ ಹಟಮಾರಿ. ಎರಡನೆಯದರಲ್ಲಿ ಅಕ್ಕನಿಗೆ ಶೀತ. ಮೊದಲನೆಯದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುತ್ತೀ. ಎರಡನೆಯದರಲ್ಲಿ ಹಚ್ಚಿಕೊಳ್ಳಲು ಏನೂ ಇಲ್ಲ. ಎಂಟು ದಿನವೆಂದು ಹೋದವಳು, ಇಪ್ಪತ್ತು ದಿನವಾಯಿತು. ನನಗೆ ಸಾಕಾಗಿದೆ.

ಶೀತವಾಗದೆ ಇನ್ನೇನಾಗುತ್ತದೆ? ಅರವತ್ತೆಂಟು ವರ್ಷದ ಹೆಂಗಸು ಹುಣ್ಣಿಮೆ ಅಮಾವಾಸ್ಯೆಗೆ ತಾಸುಗಟ್ಟಲೆ ನೀರಿನಲ್ಲಿ ಕಾಲೂರಿ ನಿಂತರೆ ಮೈ ಉಳಿಯುವುದು ಹೇಗೆ? ಹುಣ್ಣಿಮೆಗೆ ಮೊದಲು ಕರೆದುಕೊಂಡು ಬಾ ಎಂದು ಅದಕ್ಕೇ ಬರೆದಿದ್ದೆ. ಒಬ್ಬರಾದರೂ ನನ್ನ ಮಾತು ಕೇಳುವುದಿಲ್ಲ.

ಈಗ ನಾನು ಹೇಳಿದಂತೆ ಮಾಡು. ಗದ್ದುಗೆಯ ಮುಂದಿನ ಒಂದು ಹಿಡಿ ಮಣ್ಣನ್ನು ಬಿಳಿ ಅರಿವೆಯಲ್ಲಿ ಕಟ್ಟಿಕೋ. ಇಲ್ಲಿ ನಮ್ಮ ಹೊಲದಲ್ಲಿ, ಬಾವಿಯಿಂದ ದೂರ, ಗಟ್ಟಿ ನೆಲದಲ್ಲಿ ಅದನ್ನಿಟ್ಟು ಗದ್ದುಗೆ ಕಟ್ಟಿಸುತ್ತೇನೆ. ಶಾಸ್ತ್ರದಲ್ಲಿ ಏನು ಹೇಳಬೇಕೋ ನಾನು ಹೇಳಿಕೊಳ್ಳುತ್ತೇನೆ. ಅಕ್ಕ ಒಪ್ಪದಿದ್ದರೆ ನಂದಕುಮಾರ 16ಕ್ಕೆ ಜೀಪು ತೆಗೆದುಕೊಂಡು ಬರುತ್ತಾನೆ. ಎಳ್ಳಮಾಸಿಗೆ ಮೊದಲು ಅವಳು ಇಲ್ಲಿರಬೇಕು. ಇದು ಕೊನೆಯ ಮಾತು.

ಈ ಪತ್ರವನ್ನು ಉಮರ್ಗಾದಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಅಕ್ಕನಿಗೆ ಓದಿ ಹೇಳಬೇಡ.

ಮರುಳಯ್ಯ


ಕಾಂದಳವಾಡಿ
13 ಡಿಸೆಂಬರ್ 2025

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ನಿನ್ನೆಯಿಂದ ನಾಲ್ಕು ಸಲ ಓದಿದೆ. ಅತ್ಯಾಳಿಗೆ ಓದಿ ಹೇಳಿಲ್ಲ. ಕೇಳಿದಳು. ನೀವು ಬಹಳ ಸಿಟ್ಟಾಗಿದ್ದೀರಿ ಎಂದೆ. "ಹೊಸಾದೇನು ಬರದಾನ ಹಂಗಾದ್ರ," ಎಂದಳು.

ಒಂದು ವಿಷಯದ ಬಗ್ಗೆ ನಿಮಗೆ ಬರೆಯುವುದಿಲ್ಲವೆಂದು ನಾನು ಆಣೆ ಮಾಡಿದ್ದೇನೆ, ಬರೆಯುವುದೂ ಇಲ್ಲ. ಆದರೆ ಅತ್ಯಾ ನೀರಿನಲ್ಲಿ ನಿಲ್ಲುವ ಮಾತು ನಾನು ಎತ್ತಿರಲಿಲ್ಲ. ಕಳಿಸಿದ ಮೂರು ಪತ್ರಗಳಲ್ಲೂ ಇಲ್ಲ, ನನಗೆ ಚೆನ್ನಾಗಿ ನೆನಪಿದೆ. ನೀವೇ ಬರೆದಿರಿ. ಅತ್ಯಾ ತಾಸುಗಟ್ಟಲೆ ಕಾಲೂರಿ ನಿಲ್ಲುತ್ತಾಳೆ ಎಂದು ದಾಳಿಂಬದಲ್ಲಿ ಕುಳಿತ ನಿಮಗೆ ಹೇಗೆ ತಿಳಿಯಿತು?

ಕೇಳಲು ಯಾರೂ ಇರಲಿಲ್ಲ. ನಾಚಿಕೆ ಬಿಟ್ಟು ದೋಣಿಕಟ್ಟೆಗೆ ಹೋಗಿ ಮನೋಜ ಮಾಮಾನನ್ನು ಕೇಳಿದೆ. ಅವನು ಬೀಡಿ ಆರಿಸಿ, ನಿಮ್ಮ ಹೆಸರು ಹೇಳದೆ, ಒಬ್ಬ ಅಯ್ಯನವರ ಕಥೆ ಹೇಳಿದ. ಆರು ವರ್ಷದ ಹಿಂದೆ ಭಾವಬೀಜದ ದಿನ, ಅಂದರೆ ಅಮಾವಾಸ್ಯೆ ಕಳೆದ ಎರಡನೆಯ ದಿನ, ಆಚೆ ದಂಡೆಯಲ್ಲಿ ಒಬ್ಬರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕಂಕುಳಲ್ಲಿ ಸೀರೆಯ ಗಂಟು ಹಿಡಿದು ಆಟೋ ಇಳಿದರು. ದೋಣಿ ಹತ್ತಲು ಒಂದು ಕಾಲು ಇಟ್ಟವರು ಈಚೆ ನೋಡಿದರು. ಈಚೆ ನೀರಿನಲ್ಲಿ ಅವರ ಅಕ್ಕ ನಿಂತಿದ್ದಳು. ಅವಳು ಒಡ್ಡಿಗೆ ಮುಖ ಮಾಡಿದ್ದಳು, ಆ ಕಡೆ ನೋಡಲಿಲ್ಲ. ಅವರು ಇಟ್ಟ ಕಾಲನ್ನು ಹಿಂದೆ ತೆಗೆದರು. ದಂಡೆಯ ಕಲ್ಲಿನ ಮೇಲೆ ನೀರು ಇಳಿಯುವವರೆಗೆ ಕುಳಿತರು. ಆಮೇಲೆ ಗಂಟನ್ನು ಮನೋಜನ ಕೈಗಿತ್ತು, ಪಾರ್ಸಲ್ ಬಂತೆಂದು ಹೇಳು ಎಂದು ಸಂಜೆಯ ಆಟೋದಲ್ಲಿ ಮರಳಿದರು.

ಆ ವರ್ಷ ನೀವು ಮನೆಗೆ ಬಂದು, ಅಕ್ಕ ಆರಾಮ ಇದ್ದಾಳೆ, ಊಟ ಮಾಡಿಸಿ ಕಳಿಸಿದಳು ಎಂದು ಹೇಳಿದ್ದು ನನಗೆ ನೆನಪಿದೆ. ಏನು ಊಟ ಎಂದು ಅವ್ವ ಕೇಳಿದಳು. ಹೋಳಿಗೆ ಎಂದಿರಿ.

ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ನಿನ್ನೆ ಬರೆಯಲು ಕುಳಿತು ಎರಡು ಹಾಳೆ ಹರಿದೆ. ಆರು ವರ್ಷ, ಅಪ್ಪಾ. ಅಲ್ಲಿ ನೀವು ಒಂದು ಮಾತು ನುಂಗಿ ಕುಳಿತಿದ್ದೀರಿ, ಇಲ್ಲಿ ಅವಳು ಒಂದು ಮಾತು ನುಂಗಿ ಕುಳಿತಿದ್ದಾಳೆ, ಇಬ್ಬರೂ ಇನ್ನೊಬ್ಬರಿಗೆ ನೋವಾಗದಿರಲಿ ಎಂದು. ಮನೆಯವರೆಲ್ಲ ಅವಳನ್ನು ಮೊಂಡು ಎಂದರು, ನೀವು ಅಲ್ಲಗಳೆಯಲಿಲ್ಲ. ನಾನೂ ಅಂದೆ. ಏಡಿಗಳಿಗಂತೂ ನಿಮ್ಮಿಬ್ಬರ ಮರ್ಯಾದೆಯ ಪರಿವೆಯಿಲ್ಲ. ಹದಿನೈದು ದಿನಕ್ಕೊಮ್ಮೆ ಅವು ಬಿಲ ತೋಡುತ್ತವೆ.

ಹಿಡಿ ಮಣ್ಣು ನಾನು ತರುವುದಿಲ್ಲ. ಶಾಸ್ತ್ರಕ್ಕೆ ಏನು ಹೇಳಿಕೊಳ್ಳಬೇಕೆಂದು ನಿಮಗೆ ಗೊತ್ತಿರಬಹುದು, ಅತ್ಯಾಳಿಗೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ. ಅಣ್ಣನನ್ನು ಜೀಪಿನಲ್ಲಿ ಕಳಿಸಬೇಡಿರಿ. ಕಳಿಸಿದರೂ ಜೀಪು ಆಚೆ ದಂಡೆಯಲ್ಲಿ ನಿಲ್ಲುತ್ತದೆ. ಆಚೆ ನಿಂತು ನೋಡಿ ಹೋಗುವವರು ನಮ್ಮ ಮನೆಯಲ್ಲಿ ಒಬ್ಬರೇ ಸಾಕು.

ಎಳ್ಳಮಾಸಿ 19ಕ್ಕೆ, ಶುಕ್ರವಾರ. ಅವತ್ತು ಎಲ್ಲರೂ ತಮ್ಮ ತಮ್ಮ ಹೊಲದಲ್ಲಿರಬೇಕು ಎನ್ನುತ್ತೀರಿ. ಅತ್ಯಾಳ ಹೊಲ ಇದು, ಎರಡು ಗುಂಟೆ. ಅಮಾವಾಸ್ಯೆಯ ನೀರು ಮಧ್ಯಾಹ್ನದ ಹೊತ್ತಿಗೆ ಏರುತ್ತದೆ, ಚಂದ್ರಭಾಗಾ ಮೌಶಿಯನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ನೀವು ಹನ್ನೊಂದು ಗಂಟೆಯೊಳಗೆ ಆಚೆ ದಂಡೆಗೆ ಬನ್ನಿರಿ. ದಾಳಿಂಬದ ಹೊಲಗಳಲ್ಲಿ ಈ ಒಂದು ವರ್ಷ ಬೇರೆ ಯಾರಾದರೂ ಚರಗ ಚೆಲ್ಲಲಿ. ಮಂಡಿನೋವಿನ ವಿಷಯ ನಾನು ಕೇಳುವುದಿಲ್ಲ. ಆರು ವರ್ಷದ ಹಿಂದೆ ಆ ಮಂಡಿ ಇಲ್ಲಿಯವರೆಗೂ ಬಂದಿತ್ತು. ಮನೋಜ ಮಾಮಾನಿಗೆ ಹೇಳಿದ್ದೇನೆ. ಆ ಅಯ್ಯನವರು ಈ ಸಲ ಬಂದರೆ ಹಿಂದೆ ಹೋಗಗೊಡುವುದಿಲ್ಲ, ದೋಣಿಯಲ್ಲಿ ಹೊತ್ತು ಹಾಕಿಕೊಂಡಾದರೂ ಈಚೆ ತರುತ್ತೇನೆ ಎಂದಿದ್ದಾನೆ.

ಬರುವಾಗ ಹಸಿ ತೊಗರಿ ತನ್ನಿರಿ, ಇಲ್ಲಿ ಸಿಗುವುದಿಲ್ಲ. ಸಜ್ಜೆ ಹಿಟ್ಟೂ ಬೇಕು. ಅಂಬಲಿಯನ್ನು ನಾನು 17ಕ್ಕೇ ಹುಳಿಯಿಡುತ್ತೇನೆ, ಅತ್ಯಾ ಬೈದು ಕಲಿಸಿದಂತೆ. ನೀರು ಇಳಿದ ಮೇಲೆ ಒಡ್ಡಿನ ಒಳಗೇ ಕುಳಿತು ಉಣ್ಣೋಣ. ಮುಂದೆ ಅವಳು ದಾಳಿಂಬಕ್ಕೆ ಬರಬೇಕೋ ಇಲ್ಲೇ ಇರಬೇಕೋ ಎಂಬುದನ್ನು ಅಲ್ಲಿಯೇ ಅವಳನ್ನೇ ಕೇಳಿರಿ, ನೀವು ಬಾಯಿಬಿಟ್ಟು ಕೇಳಿರಿ. ಕರೆತರುವ ಕೆಲಸ ನನ್ನದಲ್ಲ.

ಈ ಪತ್ರದ ಬಗ್ಗೆ ದೋಣಿಕಟ್ಟೆಯಿಂದ ಸಾರಿಕಾ ವೈನಿಗೆ ಮಾತ್ರ ಫೋನ್ ಮಾಡುತ್ತೇನೆ. ಪೋಸ್ಟ್‌ಮನ್ ಬಂದರೆ ಯಾರೂ ಒಡೆಯದೆ ನಿಮ್ಮ ಕೈಗೇ ಕೊಡಲಿ ಎನ್ನುತ್ತೇನೆ, ಮತ್ತೇನೂ ಹೇಳುವುದಿಲ್ಲ. ಅತ್ಯಾಳಿಗೂ ಏನೂ ಹೇಳಿಲ್ಲ. ಹುಲ್ಲು ಕತ್ತರಿಸುತ್ತಾ ಕುಳಿತಿದ್ದಾಳೆ.

ನೀವು ಬಾರದಿದ್ದರೂ ನಾನು ಅವತ್ತು ನೀರಿನಲ್ಲಿರುತ್ತೇನೆ, ಆಮೇಲಿನ ಹುಣ್ಣಿಮೆಗೂ ಇರುತ್ತೇನೆ. ನನ್ನ ಉಂಡೆಗಳು ಈಗ ಬಿಚ್ಚಿಹೋಗುವುದಿಲ್ಲ.

ಮನೆಯಲ್ಲಿ ಕೆಸರಿನ ಬುಟ್ಟಿ ಎರಡೇ ಇದ್ದವು. ಇವತ್ತು ಚಂದ್ರಭಾಗಾ ಮೌಶಿಯಿಂದ ಇನ್ನೊಂದು ಕೇಳಿ ತಂದು ಬಾಗಿಲ ಹಿಂದೆ, ಅತ್ಯಾಳ ಚಪ್ಪಲಿಯ ಪಕ್ಕದಲ್ಲಿ ಇಟ್ಟಿದ್ದೇನೆ.

ಯೋಗಿತಾ